ತಾಯಿ ಹೂಂ ಅನ್ನದ ಚಿತ್ರ

ಹೋದ ಭಾನುವಾರ ನನ್ನ ಮಗಳು ಬರಿಗಾಲಲ್ಲಿ, ಹರಿದ ಲಂಗ ತೊಟ್ಟು, ಕೈಚಾಚಿ ಅಳುತ್ತಾ ನಿಂತಿದ್ದನ್ನು ಕಣ್ಣಾರೆ ಕಂಡೆ. ಎದೆ ಧಸಕ್ಕೆಂದಿತು. (ನಿಜವಾದ ಮಗಳು ಪಕ್ಕದಲ್ಲೇ ಕೂತು ಎಗ್ ರೋಲ್ ತಿನ್ನುತ್ತಿದ್ದಳು. ಆದರೂ ಧಸಕ್ಕೆಂದಿತು.)

ಅಳುತ್ತಿದ್ದವಳು ಚಿತ್ರದಲ್ಲಿದ್ದಳು. ಬರೆದವಳು ನನ್ನ ಗೆಳತಿ ಸುನಂದಾ. ಚಿತ್ರವನ್ನು ಅವಳ ಮುಖದ ಮುಂದೆಯೇ ಹಿಡಿದು, "ಏನೇ ಇದು? ನಿನಗೇನು ತಲೆ ಕೆಟ್ಟಿದೆಯಾ?" ಎಂದು ಕೂಗಿಯೇಬಿಟ್ಟೆ.

ತಡೆಯಿರಿ, ಮೊದಲಿನಿಂದ ಹೇಳುತ್ತೇನೆ.

ಸುನಂದಾ ಧಾರವಾಡದವಳು. ಇಲ್ಲಿ ಬಂಗಾಳಿಗಳ ನಡುವೆ ಜಾದವ್‌ಪುರದಲ್ಲಿ ನಮ್ಮ ಮನೆಯ ಹಿಂದಿನ ಗಲ್ಲಿಯಲ್ಲೇ ಇದ್ದಾಳೆ. ಚಿತ್ರ ಬರೆಯುವುದೇ ಅವಳ ಬದುಕು. ಕೆಲವು ವರ್ಷಗಳ ಹಿಂದೆ ಯಾವುದೋ ಕಲಾಶಿಬಿರಕ್ಕೆಂದು ಗ್ವಾಟೆಮಾಲಾ ದೇಶಕ್ಕೆ ಹೋದವಳು ಅಲ್ಲಿ ಸರೋವರದ ದಂಡೆಯ ಮಾಯಾ ಜನರ ಹಳ್ಳಿಯೊಂದನ್ನು ಹಚ್ಚಿಕೊಂಡು ಬಂದಳು. ಈಗ ಆಗಾಗ ಹೋಗುತ್ತಾಳೆ. ಅಲ್ಲಿಯ ಜನರ ಚಿತ್ರ ಬರೆಯುತ್ತಾಳೆ, ಇಲ್ಲಿ ಮಾರುತ್ತಾಳೆ, ಬಂದದ್ದನ್ನು ಅಲ್ಲಿಗೇ ಕಳಿಸುತ್ತಾಳೆ. ಮನೆಮನೆಗೆ ಹೊಗೆಯಾಡದ ಒಲೆ ಬಂದದ್ದು ಹೀಗೆ. ಮಕ್ಕಳಿಗೊಂದು ಓದುವ ಕೋಣೆ ಎದ್ದದ್ದೂ ಹೀಗೆಯೇ. ಆದರೆ ಈ ಸಲದ ಮಳೆಗಾಳಿಗೆ ಆ ಕೋಣೆಯ ತಗಡಿನ ಸೂರು ಹಾರಿಹೋಯಿತು. ಮುಂದಿನ ಮಳೆಯೊಳಗೆ ಸೂರು ಹಾಕದಿದ್ದರೆ ಕೋಣೆಯೇ ಉಳಿಯುವುದಿಲ್ಲ.

ಆ ಹಳ್ಳಿಯವರದ್ದು ಒಂದೇ ಕರಾರು. ಚಿತ್ರ ಊರಿನಿಂದ ಹೊರಗೆ ಹೋಗುವ ಮೊದಲು ಅದರಲ್ಲಿರುವವರು ನೋಡಿ ಹೂಂ ಅನ್ನಬೇಕು. ಮಗುವಾದರೆ ತಾಯಿ ಹೂಂ ಅನ್ನಬೇಕು. "ಒಬ್ಬಾಕಿ ಎರಡು ಸಲ ವಾಪಸ್ ಕಳಿಸಿದ್ಲವಾ, ರವಿಕಿ ಮ್ಯಾಲಿನ ಹಕ್ಕಿ ಸಾಲು ಒಂದು ಕಡಿಮಿ ಆಗ್ಯದ ಅಂತ" ಎಂದು ಸುನಂದಾ ನಗುತ್ತಾಳೆ. ಆ ರವಿಕೆಯ ಬಟ್ಟೆಯನ್ನು ಆಕೆಯೇ ನೇಯ್ದದ್ದು, ಬಿಟ್ಟಾಳೆಯೇ? ಹೀಗಾಗಿ ಸುನಂದಾಳ ಚಿತ್ರಗಳಲ್ಲಿ ಎಲ್ಲರೂ ನೀಟಾಗಿ ತಲೆ ಬಾಚಿಕೊಂಡು, ಇದ್ದುದರಲ್ಲೇ ಒಳ್ಳೆಯ ಬಟ್ಟೆ ತೊಟ್ಟು ನಗುತ್ತಿರುತ್ತಾರೆ. ಫೋಟೋ ಸ್ಟುಡಿಯೋಗೆ ಹೋದರೆ ನೀವಾದರೂ ಹೇಗೆ ಕೂರುತ್ತೀರಿ?

ಇದರ ನಡುವೆ ನಾನು ಮೂಗು ತೂರಿಸಿದೆ. (ಅಭ್ಯಾಸಬಲ.) ನಮ್ಮ ಕನ್ನಡದವರ ಗಣೇಶನ ಹಬ್ಬದಲ್ಲಿ ಪರಿಚಯವಾದ ಕಿರಣ್ ಬೆಂಗಳೂರಿನ ಹುಡುಗ, ಸೆಕ್ಟರ್ ಫೈವ್‌ನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಮ್ಯಾನೇಜರ್. ಹೊಸ ವರ್ಷಕ್ಕೆ ಕ್ಲೈಂಟ್‌ಗಳಿಗೆಲ್ಲ ಕ್ಯಾಲೆಂಡರ್ ಹಂಚುತ್ತಾರಂತೆ. ಸುನಂದಾಳ ಚಿತ್ರಗಳಿಗೆ ಆ ಆರ್ಡರ್ ಸಿಕ್ಕರೆ ಸೂರಿನ ಚಿಂತೆ ಮುಗಿದಂತೆಯೇ.

ಪಾರ್ಕ್ ಸ್ಟ್ರೀಟ್‌ನ ಕಾಫಿ ಶಾಪ್‌ನಲ್ಲಿ ಮೂವರೂ ಸೇರಿದೆವು. ಕಿರಣ್ ಲ್ಯಾಪ್‌ಟಾಪ್ ತೆರೆದ. ಸ್ಕ್ರೀನ್ ತುಂಬಾ ಅವನ ಪುಟ್ಟ ಮಗ, ಇದ್ದ ನಾಲ್ಕು ಹಲ್ಲನ್ನೂ ಬಿಟ್ಟು ನಗುತ್ತಿದ್ದ. ಸುನಂದಾಳ ಚಿತ್ರಗಳನ್ನು ಒಂದೊಂದಾಗಿ ನೋಡಿ, "ಸೂಪರಾಗಿದೆ ಮೇಡಂ" ಎಂದ. ಆಮೇಲೆ ಕತ್ತು ಕೆರೆದುಕೊಂಡ.

"ಆದ್ರೆ ಎಲ್ರೂ ನಗ್ತಾ ಇದಾರಲ್ಲ? ಚಾರಿಟಿ ಕ್ಯಾಲೆಂಡರ್ ಅಂದ್ರೆ ನೋಡಿದ ತಕ್ಷಣ ಪಾಪ ಅನ್ನಿಸ್ಬೇಕು. ಕವರ್ ಮೇಲೆ ಅಳ್ತಾ ಇರೋ ಒಂದು ಮಗು ಹಾಕಿ ಮೇಡಂ. ಬಟ್ಟೆ ಸ್ವಲ್ಪ ಹರಿದಿರ್ಲಿ. ಮಿಕ್ಕಿದ್ದು ನಾನು ಅಪ್ರೂವ್ ಮಾಡಿಸ್ತೀನಿ."

ನಾನು ದಂಗಾದೆ. ಸಿಂಗಾರಾ (ಇಲ್ಲಿಯ ಸಮೋಸಾ) ತರಿಸಿದ ಹಾಗೆ ಕಣ್ಣೀರನ್ನೂ ಆರ್ಡರ್ ಮಾಡಿ ತರಿಸುತ್ತಾರೆಯೇ? ಹಾಗೆಂದು ಬಾಯಿಬಿಟ್ಟೆನೇ? ಇಲ್ಲ. ಬದಲಿಗೆ ಮೆಟ್ರೋದಲ್ಲಿ ವಾಪಸ್ ಬರುವಾಗ ಸುನಂದಾಳಿಗೇ ಬುದ್ಧಿ ಹೇಳಿದೆ. "ಒಂದು ಚಿತ್ರ ತಾನೇ? ಬರೆದು ಬಿಸಾಕು. ಸೂರು ಆಗುತ್ತಲ್ಲ?"

"ಯಾರ ಮಗುಂದು ಬರೀಲಿ?" ಎಂದಳು.

"ಯಾರದ್ದಾದರೇನೇ? ಮಗು ಅಂದ್ರೆ ಮಗು."

ಅವಳು ಭಾನುವಾರ ಚಿತ್ರ ಹಿಡಿದು ಮನೆಗೆ ಬಂದಳು. ನನ್ನ ಮಗಳದ್ದೇ ಮೊಂಡು ಮೂಗು, ಹುಬ್ಬಿನ ಮೇಲೆ ಅದೇ ಮಚ್ಚೆ. ನನ್ನ ಕೂಗಾಟವನ್ನೆಲ್ಲ ತಣ್ಣಗೆ ಕೇಳಿಸಿಕೊಂಡಳು.

"ಅಲ್ಲಿ ರೂಲ್ ಏನದ? ತಾಯಿಗೆ ತೋರಸ್ಬೇಕು. ನೀ ತಾಯಿ. ಹೂಂ ಅಂದ್ರ ನಾಳೆನ ಕೊಟ್ಟು ಬರ್ತೀನಿ. ಇಲ್ಲಂದ್ರ ಇಲ್ಲೇ ಹರದು ಹಾಕ್ತೀನಿ."

"ನನ್ನ ಮಗಳೇ ಬೇಕಾಗಿತ್ತಾ ನಿನಗೆ?"

"ಮತ್ತ ಅಲ್ಲಿ ಯಾವ ಅವ್ವನ ಮುಂದ ಹಿಡೀಲಿ ಇದನ್ನ?"

ಅಷ್ಟರಲ್ಲಿ ಮಗಳು ಇಣುಕಿದಳು. (ಇಲ್ಲೇ ಹುಟ್ಟಿ ಬೆಳೆದವಳು, ಬಾಯಲ್ಲಿ ಬರುವುದೆಲ್ಲ ಖಿಚುಡಿ.) "ಅಮ್ಮಾ, ದಿಸ್ ಈಸ್ ಮೀ! ನನ್ನ ಚಪ್ಪಲ್ ಎಲ್ಲಿ? ನಾನು ಅಳುವಾಗ ನೀನು ಎಲ್ಲಿ ಹೋಗಿದ್ದೆ?"

ಅಳುವ ಮಗುವಿನ ಚಿತ್ರ ಕಂಡರೆ ಪಾಪ ಅನ್ನುತ್ತೇವೆ. ಇದರ ತಾಯಿ ಎಲ್ಲಿ ಹಾಳಾಗಿ ಹೋದಳು ಎಂದೂ ಮನಸ್ಸಿನಲ್ಲೇ ಬೈದಿರುತ್ತೇವೆ, ಅಲ್ಲವೇ? ಈ ಸಲ ಹಾಳಾಗಿ ಹೋದವಳು ನಾನು! ಚಿತ್ರವನ್ನು ನಾನೇ ಹರಿದೆ, ನಾಲ್ಕು ಚೂರು ಮಾಡಿದೆ.

ಕಿರಣ್‌ಗೆ ಫೋನ್ ಮಾಡಿ, ನನ್ನ ಮಗಳ ಅಳುವ ಚಿತ್ರ ಹರಿದು ಹಾಕಿದ್ದನ್ನು ಹೇಳಿದೆ. "ಆ ಮಗು ಬೇಡ್ವಾ ಆಂಟಿ? ಬೇರೆ ಮಗು ಹಾಕಿ, ನೋ ಪ್ರಾಬ್ಲಮ್" ಎಂದ.

"ಸರಿ. ನಿನ್ನ ಲ್ಯಾಪ್‌ಟಾಪ್ ಮೇಲಿದಾನಲ್ಲ, ಅವನ ಫೋಟೋ ಮೇಲ್ ಮಾಡು. ಹರಕಲು ಅಂಗಿ ಹಾಕಿ, ಅಳೋ ಹಾಗೆ ಸುನಂದಾ ಬರೆದುಕೊಡ್ತಾಳೆ."

ಮೆಲ್ಲಗೆ, "ಏನ್ ಆಂಟಿ ನೀವು..." ಎಂದು ಫೋನ್ ಇಟ್ಟ.

ಹುಡುಗ ಕೆಟ್ಟವನಲ್ಲ. ನಗುವ ಮುಖಗಳನ್ನೇ ಹಿಡಿದುಕೊಂಡು ಮೇಲಿನವರ ಹತ್ತಿರ ಹೋದನಂತೆ. "ಇಷ್ಟು ಖುಷಿಯಾಗಿದ್ದಾರೆ, ಇವರಿಗೆ ನಮ್ಮ ಹೆಲ್ಪ್ ಯಾಕೆ?" ಎಂದು ಕೇಳಿದರಂತೆ. ಈ ವರ್ಷ ಅವರದ್ದು ಹೂಗಳ ಕ್ಯಾಲೆಂಡರ್. ಸುನಂದಾ ಮತ್ತೆ ಚಿತ್ರಗಳನ್ನು ಬಗಲಲ್ಲಿಟ್ಟುಕೊಂಡು ಮನೆಮನೆಗೆ ಹೊರಟಿದ್ದಾಳೆ, ಅಲ್ಲಿ ಕೋಣೆ ಬಾನಿಗೆ ಬಾಯಿಬಿಟ್ಟುಕೊಂಡೇ ನಿಂತಿದೆ.

ಅಲ್ಲ, ನಗುವ ಮಕ್ಕಳು ಮಳೆಯಲ್ಲಿ ನೆನೆಯುವುದಿಲ್ಲವೇ?