ನಾಲ್ಕು ಕಾರ್ಡು, ಐದು ಜನ

ನನ್ನ ಬಾಯಿ ಜೋರು. ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ದಾವಣಗೆರೆಯಿಂದ ಮದುವೆಯಾಗಿ ಜೋಗುಪಾಳ್ಯದ ಬಾಡಿಗೆ ಮನೆಗೆ ಬಂದಾಗ ಅತ್ತೆ ಮೊದಲು ಗಮನಿಸಿದ್ದೂ ಅದನ್ನೇ. ತೊಂಬತ್ತರ ದಶಕ ಮುಗಿಯುವಾಗ ನಾವು ಕೆ.ಆರ್. ಪುರದಾಚೆ ಒಂದು ಲೇಔಟಿನಲ್ಲಿ ಮೂರು ಕೋಣೆಯ ಸ್ವಂತ ಮನೆ ಕಟ್ಟಿಕೊಂಡು ಹೋದೆವು. ನಾನು, ನಮ್ಮ ಯಜಮಾನರು, ಎರಡು ಮಕ್ಕಳು, ಅತ್ತೆ. ಯಜಮಾನರು ವಿಮಾನಪುರದ ಹತ್ತಿರ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಟರ್ನರ್. ಅಲ್ಲಿನ ದೊಡ್ಡ ಕಾರ್ಖಾನೆಯ ನೌಕರರಿಗೆ ಡಾಕ್ಟರು, ಔಷಧಿ ಎಲ್ಲ ಪುಕ್ಕಟೆ. ಅದೇ ರಸ್ತೆಯ ಆಚೆ ಬದಿಯಲ್ಲಿ ದುಡಿಯುವ ನಮ್ಮವರಿಗೆ ಒಂದು ಜ್ವರದ ಮಾತ್ರೆಯೂ ಇಲ್ಲ.

ಅತ್ತೆಗೆ ಸಕ್ಕರೆ ಕಾಯಿಲೆ. ಹೊಸ ಮನೆಗೆ ಬಂದ ಎರಡನೇ ವರ್ಷ ಅವರ ಬಲಪಾದದಲ್ಲಿ ಒಂದು ಗುಳ್ಳೆ ಎದ್ದಿತು. ಚಪ್ಪಲಿ ಕಚ್ಚಿರಬೇಕು ಅಂದುಕೊಂಡು, ಅರಿಶಿನ ಮೆತ್ತಿಕೊಂಡು, ಯಾರಿಗೂ ಹೇಳದೆ ವಾರಗಟ್ಟಲೆ ಓಡಾಡಿದರು. ಕೊನೆಗೆ ಹಲಸೂರಿನ ಆಸ್ಪತ್ರೆಯಲ್ಲಿ ಹನ್ನೆರಡು ದಿನ. ಅವರ ಒಂದು ಬೆರಳು ಹೋಯಿತು, ನನ್ನ ಎರಡು ಬಳೆ ಹೋದವು. ಇನ್ನೊಂದು ಸಲ ಹೀಗಾದರೆ ಪಾದವೇ ಉಳಿಯಲಿಕ್ಕಿಲ್ಲ ಎಂದು ಡಾಕ್ಟರು ಹೇಳಿದರು. ಮಾರಲು ನನ್ನ ಹತ್ತಿರ ಇನ್ನು ಬಳೆ ಇರಲಿಲ್ಲ. ಅತ್ತೆಗೊಂದು ಆರೋಗ್ಯ ವಿಮೆ ಮಾಡಿಸದೆ ಬಿಡುವುದಿಲ್ಲ ಎಂದು ಆಸ್ಪತ್ರೆಯ ಮೆಟ್ಟಿಲು ಇಳಿಯುವಾಗಲೇ ತೀರ್ಮಾನಿಸಿದೆ.

ಮೊದಲನೇ ಏಜೆಂಟ್ ವಯಸ್ಸು ಕೇಳಿ ಪೆನ್ನು ಮುಚ್ಚಿದ. ಎರಡನೆಯವನು ಸಕ್ಕರೆ ಎಂದ ಕೂಡಲೇ ಮುಚ್ಚಿದ. ಮೂರನೆಯವನು, ಸಕ್ಕರೆ ಇಲ್ಲ ಅಂತ ಬರೆದುಬಿಡೋಣ, ಯಾರು ನೋಡುತ್ತಾರೆ ಎಂದ. ಬೆರಳಿಲ್ಲದ ಪಾದವನ್ನು ಆಸ್ಪತ್ರೆಯವರಿಂದ ಹೇಗೆ ಬಚ್ಚಿಡೋದು ಹೇಳಪ್ಪ ಎಂದು ನಾನು ಕೇಳಿದ್ದಕ್ಕೆ ಅವನು ಆಮೇಲೆ ಫೋನೇ ಎತ್ತಲಿಲ್ಲ. ನಾಲ್ಕನೆಯವರು ಶಿವಾಜಿನಗರದ ಬಸ್ ಸ್ಟ್ಯಾಂಡಿನ ಹಿಂದೆ, ಒಂದು ಬೇಕರಿಯ ಮೇಲೆ ಕೂರುತ್ತಿದ್ದ ವಯಸ್ಸಾದ ಸಾಹೇಬರು. ಅವರು ಚಹಾ ತರಿಸಿ, ನನ್ನ ಕಥೆ ಪೂರ್ತಿ ಕೇಳಿ ಹೇಳಿದರು:

“ಒಬ್ಬೊಬ್ರೇ ಬಂದ್ರೆ ಕಂಪನಿ ಹೆದರ್ತದೆ ಅಮ್ಮಾ. ನಿಮ್ಮ ಲೇಔಟಿಂದ ನಲವತ್ತು ಮನೆಯವ್ರು ಒಟ್ಟಿಗೆ ಬನ್ನಿ. ವಯಸ್ಸೂ ಕೇಳಲ್ಲ, ಸಕ್ಕರೇನೂ ಕೇಳಲ್ಲ.”

ಕಂತೂ ಅರ್ಧಕ್ಕರ್ಧ ಕಡಿಮೆ. ಷರತ್ತು ಒಂದೇ: ಮನೆಗೆ ನಾಲ್ಕೇ ಜನ, ಐದನೆಯವರಿಗೆ ಜಾಗವಿಲ್ಲ. ಅಲ್ಲೇ ಕೂತು ನಮ್ಮ ಮನೆಯ ಫಾರಂ ತುಂಬಿಸಿದೆ. ಯಜಮಾನರು, ಎರಡು ಮಕ್ಕಳು, ಅತ್ತೆ. ನನ್ನ ಹೆಸರು ಬಿಟ್ಟಿದ್ದಕ್ಕೆ ಎರಡು ನಿಮಿಷವೂ ಯೋಚಿಸಲಿಲ್ಲ. ಹುಟ್ಟಿದಾಗಿನಿಂದ ಆಸ್ಪತ್ರೆ ಸೇರಿದ್ದು ಎರಡು ಹೆರಿಗೆಗೆ ಮಾತ್ರ, ನನಗೇನಾಗುತ್ತದೆ ಎಂಬ ಧಿಮಾಕು.

ಮರುದಿನದಿಂದ ಸಂಜೆ ನಾಲ್ಕರ ಮೇಲೆ ಫಾರಂ ಕಟ್ಟು ಹಿಡಿದು ಮನೆ ಮನೆ ಹತ್ತಿದೆ. ಎಲ್ಲರೂ ಕೂರಿಸಿ ಕಾಫಿ ಕೊಟ್ಟರು. ನಾಳೆ ಯಾರಿಗಾದರೂ ಹಾರ್ಟ್ ಅಟ್ಯಾಕ್ ಆದರೆ ಎಂದು ನಾನು ಬಾಯಿ ತೆಗೆದದ್ದೇ ತಡ, ಮನೆಯ ಹಿರಿಯ ಹೆಂಗಸು ಒಳಗಿನಿಂದ ಓಡಿ ಬಂದು, ಬಿಡ್ತು ಅನ್ನಿ, ಬಿಡ್ತು ಅನ್ನಿ ಎಂದು ಕೈ ಹಿಡಿಯುತ್ತಿದ್ದರು. ಕೆಟ್ಟದ್ದನ್ನು ಬಾಯಲ್ಲಿ ಆಡಿದರೆ ಅದು ದಾರಿ ಕೇಳಿಕೊಂಡು ಮನೆಗೇ ಬರುತ್ತದಂತೆ. ಬಿಡ್ತು ಅಂದರೆ ಅಲ್ಲಿಂದಲೇ ವಾಪಸ್ಸಂತೆ. ನಾನು ಮಾತ್ರ ಒಂದು ಮನೆಯಲ್ಲೂ ಬಿಡ್ತು ಅನ್ನಲಿಲ್ಲ. ಮೈಯೆಲ್ಲ ಉರಿಯುತ್ತಿತ್ತು. ನಮ್ಮ ಅತ್ತೆಯೂ ಅದೇ ಜಾತಿ. ನಾನು ಮನೆಯಲ್ಲಿ ಫಾರಂ ಎಣಿಸುತ್ತ ರೋಗಗಳ ಹೆಸರು ಹೇಳಿದಾಗಲೆಲ್ಲ ಅಡುಗೆಮನೆಯಿಂದ ಒಂದೊಂದು ಬಿಡ್ತು ಕೇಳಿ ಬರುತ್ತಿತ್ತು.

ಇಪ್ಪತ್ತೊಂಬತ್ತು ಮನೆಗೆ ಬಂಡಿ ನಿಂತಿತು. ಉಳಿದದ್ದು ಹಳೇ ಊರಿನವರ ಬೀದಿ. ನಮ್ಮ ಲೇಔಟ್ ಎದ್ದದ್ದೇ ಅವರು ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ. ಅಲ್ಲಿನ ಗೌಡರು ಈಗ ಎರಡು ನೀರಿನ ಟ್ಯಾಂಕರ್ ಓಡಿಸುತ್ತಿದ್ದರು. ಅವರು ಒಪ್ಪಿದರೆ ಬೀದಿಯೇ ಒಪ್ಪಿದ ಹಾಗೆ. ಅವರ ಹೆಂಡತಿ ಕುಂಕುಮ ಕೊಟ್ಟು, ದೀಪ ಹಚ್ಚಿದ ಹೊತ್ತಲ್ಲಿ ಆಸ್ಪತ್ರೆ ಮಾತು ಬೇಡಮ್ಮ, ಬಿಡ್ತು ಅನ್ನು ಎಂದರು. ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು.

“ನಿಮ್ ಟ್ಯಾಂಕರಿಗೆ ವರ್ಷವರ್ಷ ಇನ್ಶೂರೆನ್ಸ್ ಕಟ್ತೀರಲ್ಲ, ಆಗ ಬಿಡ್ತು ಅಂತೀರಾ? ಟ್ಯಾಂಕರಿಗಿಂತ ಯಜಮಾನ್ರು ಕಡಿಮೇನಾ?”

ಗೌಡರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಕನ್ನಡಕ ತರಿಸಿ ಸಹಿ ಹಾಕಿದರು. ವಾರದಲ್ಲಿ ನಲವತ್ಮೂರು ಮನೆಯಾಯಿತು. ಫಾರಂಗಳನ್ನೆಲ್ಲ ಲೇಔಟ್ ಸಂಘದ ಕಾರ್ಯದರ್ಶಿಗಳ ಮನೆಗೆ ಕೊಟ್ಟು ಬಂದು, ಟ್ಯಾಂಕರಿನ ಕಥೆಯನ್ನು ಅತ್ತೆಗೆ ಮೂರು ಸಲ ಹೇಳಿ ಬೀಗಿದೆ. ಅವರು ಮೂರು ಸಲವೂ ಪೂರ್ತಿ ಕೇಳಿದರು.

ತಿಂಗಳು ಕಳೆದು ಒಂದು ಭಾನುವಾರ ಕಾರ್ಯದರ್ಶಿಗಳ ಮನೆಯಿಂದ ನಮ್ಮ ಕಾರ್ಡುಗಳು ಬಂದವು. ಯಜಮಾನರು, ಮಗ, ಮಗಳು. ನಾಲ್ಕನೇ ಕಾರ್ಡಿನಲ್ಲಿ ನನ್ನ ಮುಖ. ಸ್ಕೂಟಿ ಲೈಸೆನ್ಸಿಗೆ ತೆಗೆಸಿ, ಉಳಿದದ್ದನ್ನು ಬೀರುವಿನ ಡಬ್ಬಿಯಲ್ಲಿ ಇಟ್ಟಿದ್ದ ಅದೇ ಫೋಟೊ. ಮೊದಲು ಕಾರ್ಯದರ್ಶಿಗಳ ಮೇಲೆ ಹರಿಹಾಯಲು ಹೊರಟೆ. ಚಪ್ಪಲಿ ಮೆಟ್ಟುವಾಗ ಯಜಮಾನರ ಕಡೆ ನೋಡಿದೆ. ಅವರು ಪೇಪರಿನ ಹಿಂದೆ ಅಡಗಿದ್ದರು, ಅದೂ ಹಿಂದಿನ ದಿನದ ಪೇಪರು. ಆಗ ಗೊತ್ತಾಯಿತು. ಅತ್ತೆ ದೇವಸ್ಥಾನಕ್ಕೆಂದು ಹೋದವರು ಕಾರ್ಯದರ್ಶಿಗಳ ಮನೆಗೆ ಹೋಗಿ ಹೊಸ ಫಾರಂ ತಂದಿದ್ದರು. ಯಜಮಾನರು ಅದಕ್ಕೆ ಸಹಿ ಹಾಕಿಕೊಟ್ಟಿದ್ದರು.

ನಾನು ಕೂಗಾಡಿದೆ. ಆರು ತಿಂಗಳು ಯಾರ ಸಲುವಾಗಿ ಅಲೆದೆ, ಯಾರ ಪಾದಕ್ಕಾಗಿ ನಲವತ್ತು ಮನೆಯವರ ಕೈಲಿ ಅಪಶಕುನದವಳು ಅನ್ನಿಸಿಕೊಂಡೆ ಎಂದು ಕೇಳಿದೆ. ಕೇಳುವಾಗ ಅಳು ಬಂತು, ಅದಕ್ಕೆ ಇನ್ನಷ್ಟು ಸಿಟ್ಟು ಬಂತು. ಅತ್ತೆ ನೆಲದ ಮೇಲೆ ಕಾಲು ನೀಡಿಕೊಂಡು ಅವರೆಕಾಯಿ ಸುಲಿಯುತ್ತಿದ್ದರು. ತಲೆ ಎತ್ತಲಿಲ್ಲ.

“ನನ್ ಕಾಲು ಹೋದ್ರೆ ನೋಡ್ಕೊಳಕ್ಕೆ ನೀನಿದೀಯ. ನೀನೇ ಮಲಗಿಬಿಟ್ರೆ ಈ ಮನೇಲಿ ಯಾರಿದಾರೆ?”

“ಬಿಡ್ತು ಅನ್ನಿ,” ಅಂದೆ. ನನ್ನ ಬಾಯಿಂದಲೇ ಬಂತು.

“ನಾನ್ಯಾಕೆ ಅನ್ಲಿ? ಟ್ಯಾಂಕರಿಗೆ ಯಾರಾದ್ರೂ ಬಿಡ್ತು ಅಂತಾರಾ?”

ಸೋಮವಾರ ಬೆಳಿಗ್ಗೆ ಹತ್ತಕ್ಕೆಲ್ಲ ನಾನು ಶಿವಾಜಿನಗರದ ಬೇಕರಿಯ ಮೆಟ್ಟಿಲ ಮೇಲೆ ನಿಂತಿದ್ದೆ. ಸಾಹೇಬರ ಜೊತೆ, ಅವರ ಮೇಲಿನವರ ಜೊತೆ ಜಗಳವಾಡಿ ಐದನೇ ಹೆಸರಿಗೆ ಜಾಗ ಮಾಡಿಸಲು ಇನ್ನೊಂದು ವರ್ಷ ಹಿಡಿಯಿತು. ಆ ವರ್ಷ ಒಂದು ದಿನವೂ ತಪ್ಪದೆ, ಸ್ನಾನ ಮುಗಿಸಿ ಬಂದ ಅತ್ತೆಯನ್ನು ಬಾಗಿಲ ಬೆಳಕಿಗೆ ಕೂರಿಸಿ, ಅವರ ಎರಡೂ ಪಾದಗಳನ್ನು ನನ್ನ ತೊಡೆಯ ಮೇಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡುತ್ತಿದ್ದೆ.