ಚೈನಾ ಬೇಡ, ಸಮುದ್ರ ಒತ್ತಿ

ನನ್ನ ತಂಗಿಗೆ ಎಂ.ಎ. ಸೀಟು ಸಿಕ್ಕಿದ ಸುದ್ದಿ ಕೇಳಿ ಬೈರಾಪಟ್ಟಣದವರೆಲ್ಲ ಸಂತೋಷಪಟ್ಟರು. ಆಮೇಲೆ ಏನು ಓದುತ್ತಾಳೆ ಎಂದು ತಿಳಿದು ಎಲ್ಲರೂ ಬೇಜಾರು ಮಾಡಿಕೊಂಡರು. ಅವಳು ಹೇಳಿಕೊಟ್ಟಿದ್ದ ‘ಫಾರಿನ್ ಪಾಲಿಸಿ ಅಂಡ್ ನ್ಯಾಷನಲ್ ಸೆಕ್ಯೂರಿಟಿ’ ಎಂಬ ಮಾತನ್ನು ಅವ್ವ ಬಾಯಿಪಾಠ ಮಾಡಿಕೊಂಡು ಹೋಗಿ ಹಾಲಿನ ಡೈರಿಯ ಸಾಲಿನಲ್ಲಿ ಒಪ್ಪಿಸಿದ್ದಳು. ನಮ್ಮ ಕಡೆ ಪಾಲಿಸಿ ಅಂದರೆ ವಿಮೆ. ಸೆಕ್ಯೂರಿಟಿ ಅಂದರೆ ಬಿಡದಿಯ ಫ್ಯಾಕ್ಟರಿ ಗೇಟಿನಲ್ಲಿ ನೀಲಿ ಅಂಗಿ ಹಾಕಿಕೊಂಡು ಕೂರುವವನು.

"ಫಾರಿನ್ ಪಾಲಿಸಿ ಅಂದ್ರೆ ಕಂತು ಡಾಲರ್‌ನಾಗೆ ಕಟ್ಬೇಕಾ?" ಎಂದು ಒಬ್ಬರು ಕೇಳಿದರು.

"ಸೆಕ್ಯೂರಿಟಿ ಕೆಲ್ಸಕ್ಕೂ ಈಗ ಎಮ್ಮೆ ಮಾಡ್ಬೇಕೇನವ್ವ? ನಮ್ಮ ಮೈದ ಎಸ್ಸೆಸ್ಸೆಲ್ಸಿ ಫೇಲಾಗೇ ಸೇರ್ಕಂಡ" ಎಂದು ಇನ್ನೊಬ್ಬರು ಕೇಳಿದರು.

ಅವ್ವ ಹಾಲಿನ ಕ್ಯಾನು ಅಲ್ಲೇ ಮರೆತು ಮನೆಗೆ ಬಂದಳು.

ಇದನ್ನೆಲ್ಲ ಬರೆಯುವಷ್ಟು ಓದಿದವಳಲ್ಲ ನಾನು. ಏಳನೇ ಕ್ಲಾಸು ಪಾಸಾಗಿ ಎಂಟಕ್ಕೆ ಸೇರಿದೆ. ದಸರಾ ರಜೆ ಮುಗಿದ ಮೇಲೆ ಹೋಗಲಿಲ್ಲ. ಹೋಗಬೇಡ ಎಂದು ಯಾರೂ ಅನ್ನಲಿಲ್ಲ, ಹೋಗು ಎಂದೂ ಯಾರೂ ಅನ್ನಲಿಲ್ಲ, ಅಷ್ಟೆ. ಆಗಿನಿಂದ ಚನ್ನಪಟ್ಟಣದ ಒಂದು ಬೊಂಬೆ ಕಾರ್ಖಾನೆಯಲ್ಲಿ ಕೆಲಸ. ಲೇತಿನಲ್ಲಿ ತಿರುಗುವ ಮರಕ್ಕೆ ಬಣ್ಣದ ಅರಗು ಒತ್ತಿ, ಒಣಗಿದ ಕೇದಗೆ ಗರಿಯಿಂದ ಉಜ್ಜಿ ಹೊಳಪು ತರುವುದು ನನ್ನ ಪಾಲಿನ ಕೆಲಸ. ನನ್ನ ಕೈಯಿಂದ ಹೋದ ಗಿಲಕಿಗಳು ಎಷ್ಟು ಮಕ್ಕಳ ಬಾಯಿಗೆ ಹೋಗಿವೆಯೋ ಗೊತ್ತಿಲ್ಲ. ಆ ವಿಷಯದಲ್ಲಿ ನನ್ನ ಮನಸ್ಸಿಗೆ ಯಾವ ಭಾರವೂ ಇಲ್ಲ. ಭಾರ ಇರುವುದು ನನ್ನ ತಂಗಿಯ ವಿಷಯದಲ್ಲಿ. ಅವಳ ಓದಿನಲ್ಲಿ ನಾನೊಂದು ತಪ್ಪು ಮಾಡಿದೆ. ಗೊತ್ತಿಲ್ಲದೆ ಮಾಡಿದ್ದಲ್ಲ, ಗೊತ್ತಿದ್ದೇ ಮಾಡಿದ್ದು.

ಮೊದಮೊದಲು ಅವಳು ನನಗೆ ಎಲ್ಲವನ್ನೂ ಬಿಡಿಸಿ ಹೇಳುತ್ತಿದ್ದಳು.

"ಪಾಲಿಸಿ ಅಂದ್ರೆ ಇಲ್ಲಿ ನೀತಿ ಕಣಕ್ಕ. ಬೇರೆ ದೇಶದ ಜತೆ ನಮ್ಮ ದೇಶ ಹೆಂಗೆ ನಡ್ಕಬೇಕು ಅನ್ನೋದು."

"ಅದನ್ನೂ ಓದ್ಬೇಕೇನೇ? ಪಕ್ಕದ ಮನೆಯೋರ ಜತೆ ನಾವು ಓದ್ಕಂಡಾ ನಡ್ಕತಿರೋದು?"

"ಎಲ್ಲಿ ನಡ್ಕತಿದೀವಿ? ಬೇಲಿ ವಿಷ್ಯಕ್ಕೆ ಎರಡು ವರ್ಷದಿಂದ ಮಾತೇ ಬುಟ್ಟಿದೀವಲ್ಲ."

"ಅದೇ ಕಣೇ ನಮ್ಮ ಪಾಲಿಸಿ."

ಅವಳು ನಗಲಿಲ್ಲ. ಹಳೆಯ ನೋಟ್‌ಬುಕ್ಕಿನಲ್ಲಿ ಏನೋ ಗುರುತು ಹಾಕಿಕೊಂಡಳು. ನನ್ನ ಮಾತನ್ನು ಪರೀಕ್ಷೆಯಲ್ಲಿ ಬರೆಯುತ್ತಾಳೇನೋ ಎಂದು ನನಗೆ ಒಳಗೊಳಗೇ ಹೆಮ್ಮೆಯಾಯಿತು.

ಕ್ಲಾಸು ಶುರುವಾಗುವುದಕ್ಕೆ ಒಂದು ತಿಂಗಳು ಮೊದಲೇ ಅವಳು ಎರಡು ವರ್ಷದ ಓದಿಗೂ ಯೋಜನೆ ಹಾಕಿ ಮುಗಿಸಿದ್ದಳು. ಹಳೆಯ ಕ್ಯಾಲೆಂಡರಿನ ನಾಲ್ಕು ಹಾಳೆಗಳನ್ನು ಹಿಂದುಮುಂದು ಮಾಡಿ ಗೋಡೆಗೆ ಅಂಟಿಸಿದಳು. ಒಂದೊಂದು ಸೆಮಿಸ್ಟರಿಗೆ ಒಂದೊಂದು ಹಾಳೆ. ಸೆಮಿಸ್ಟರಿಗೆ ನಾಲ್ಕು ಪೇಪರ್. ಮೂರು ಎಲ್ಲರಿಗೂ ಕಡ್ಡಾಯ, ಒಂದು ಮಾತ್ರ ನಾವು ಆರಿಸಿಕೊಳ್ಳುವುದು. ಆ ಒಂದರಲ್ಲೇ ಎಲ್ಲ ಇರುವುದು ಎಂದಳು. ನನಗೆ ಅರ್ಥವಾಗಲಿಲ್ಲ. ಕಾರ್ಖಾನೆಯಿಂದ ನಾನು ತಂದಿಟ್ಟಿದ್ದ ಬಣ್ಣ ಕೆಟ್ಟ ಬಳೆ ಬೊಂಬೆ ತೆಗೆದುಕೊಂಡಳು. ಒಂದು ಕಡ್ಡಿಗೆ ದೊಡ್ಡದರಿಂದ ಚಿಕ್ಕದರವರೆಗೆ ಬಳೆಗಳನ್ನು ಪೋಣಿಸುತ್ತಾರಲ್ಲ, ಅದು.

"ಇದು ತಳದ್ದು, ಮೊದಲ ಸೆಮಿಸ್ಟರ್‌ದು. ಚೈನಾ. ಇದ್ರ ಮೇಲೆ ಗಡಿ. ಅದ್ರ ಮೇಲೆ ವ್ಯಾಪಾರ. ತುದೀಲಿ ನನ್ನ ಪ್ರಬಂಧ. ತಳದ್ದು ಇಲ್ದಿದ್ರೆ?"

"ಉಳಿದಿದ್ದೆಲ್ಲ ಜಾರ್ಕಂಡು ಕೆಳಕ್ಕೆ ಬೀಳ್ತವೆ."

"ಅಷ್ಟೇ ಕಣಕ್ಕ."

ಚೈನಾ ಪಾಠ ಮಾಡುವ ಮೇಡಂ ಒಬ್ಬರಿದ್ದರು. ತಮ್ಮ ಮೊದಲ ಪೇಪರ್ ಓದದವರ ಪ್ರಬಂಧಕ್ಕೆ ಅವರು ಗೈಡ್ ಆಗುವುದಿಲ್ಲವಂತೆ. ಅವರೊಬ್ಬರಿಗಾಗಿಯೇ ತಂಗಿ ಹತ್ತಿರದ ಕಾಲೇಜು ಬಿಟ್ಟು, ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರಲು ಒಪ್ಪಿದ್ದಳು.

ಅಷ್ಟು ದೇಶಗಳಿರುವಾಗ ಚೈನಾನೇ ಯಾಕೆ ಎಂದು ನಾನು ಕೇಳಲಿಲ್ಲ, ಮನಸ್ಸಿನಲ್ಲೇ ಇಟ್ಟುಕೊಂಡೆ. ನಮ್ಮ ಕಾರ್ಖಾನೆಯಲ್ಲಿ ಚೈನಾ ಎನ್ನುವುದು ದೇಶದ ಹೆಸರಲ್ಲ, ಬೈಗುಳ. ಲೇತು ಕೈಕೊಟ್ಟರೆ ಚೈನಾ, ಛತ್ರಿ ಮುರಿದರೆ ಚೈನಾ. ಅಂಗಡಿಯವರು ನಮ್ಮ ಮರದ ಬೊಂಬೆಗಳ ಪಕ್ಕದಲ್ಲೇ ಚೈನಾದ ಪ್ಲಾಸ್ಟಿಕ್ಕಿನವನ್ನು ತೂಗಿಹಾಕಿರುತ್ತಾರೆ. ಗಿರಾಕಿ ನಮ್ಮದನ್ನು ಕೈಯಲ್ಲಿ ಹಿಡಿದು "ಎಷ್ಟು ಚೆನ್ನಾಗೈತೆ" ಎಂದು ಹೇಳಿ ಪ್ಲಾಸ್ಟಿಕ್ಕಿನದನ್ನು ಕೊಂಡುಕೊಂಡು ಹೋಗುತ್ತಾನೆ.

ಪೇಪರ್ ಆರಿಸುವ ಕೊನೆಯ ದಿನ ತಂಗಿ ಊರಲ್ಲಿರಲಿಲ್ಲ. ಉಯ್ಯಂಬಳ್ಳಿಯ ಕಡೆ ದೊಡ್ಡಮ್ಮನ ಮಗಳ ಸೀಮಂತಕ್ಕೆ ಅವ್ವನ ಜೊತೆ ಹೋಗಿದ್ದಳು. ಅಲ್ಲಿ ಅವಳ ಫೋನಿನಲ್ಲಿ ಆ ವೆಬ್‌ಸೈಟು ತೆರೆಯಲೇ ಇಲ್ಲ. ತಾರಸಿಯ ನೀರಿನ ಟ್ಯಾಂಕಿನ ಪಕ್ಕ ನಿಂತರೆ ಮಾತ್ರ ಸಿಗ್ನಲ್ಲು. ಅಲ್ಲಿಂದ ನನಗೆ ಫೋನು ಮಾಡಿದಳು.

"ಅಕ್ಕ, ಐದು ಗಂಟೆಯೊಳಗೆ ಆಗ್ಬೇಕು. ಜೆರಾಕ್ಸ್ ಅಂಗಡಿಗೆ ಹೋಗು. ಓಟಿಪಿ ನಿನ್ನ ಫೋನಿಗೇ ಬರುತ್ತೆ, ಮನೆಯೋರ ನಂಬರ್ ಅಂತ ನಿಂದೇ ಕೊಟ್ಟಿದೀನಿ. ಚೈನಾ ಅನ್ನು ಸಾಕು. ಏನು?"

"ಚೈನಾ."

"ಇನ್ನೊಂದ್ಸಲ ಹೇಳು."

"ಚೈನಾ ಕಣೇ, ಕಿವುಡಿ ಅಲ್ಲ ನಾನು."

ಇದನ್ನು ಯಾಕೆ ಬರೆದೆ ಅಂದರೆ, ಲೈನು ಸರಿಯಿರಲಿಲ್ಲ ಎಂದು ನಾನು ಆಮೇಲೆ ಹೇಳಿದ್ದು ಸುಳ್ಳು. ಅಷ್ಟು ಸ್ಪಷ್ಟವಾಗಿ ಅವಳ ಮಾತು ನನಗೆ ಯಾವತ್ತೂ ಕೇಳಿಸಿರಲಿಲ್ಲ.

ಅಂದು ಬೆಳಿಗ್ಗೆಯೇ ನಮ್ಮ ಕಾರ್ಖಾನೆಗೆ ಬರಬೇಕಿದ್ದ ಗಿಲಕಿ ಆರ್ಡರ್ ತಪ್ಪಿಹೋಗಿತ್ತು. ಆರ್ಡರ್ ಕೊಡಬೇಕಿದ್ದವರಿಗೆ ಅಗ್ಗದ ಚೈನಾ ಮಾಲು ಸಿಕ್ಕಿತಂತೆ. ಮುವ್ವತ್ತು ವರ್ಷದಿಂದ ಲೇತ್ ಹಿಡಿದ, ನಾವೆಲ್ಲ ಚಾಚಾ ಎನ್ನುವ ಹಿರಿಯರು ಲೇತನ್ನು ಒರೆಸುತ್ತಾ ಕೂತಿದ್ದರು. ಅದನ್ನು ನೋಡಿಕೊಂಡೇ ನಾನು ಜೆರಾಕ್ಸ್ ಅಂಗಡಿಗೆ ಹೋದದ್ದು.

ಅಂಗಡಿ ನಡೆಸುವಾಕೆ ಕಂಪ್ಯೂಟರಿನ ಪರದೆಯನ್ನು ನನ್ನ ಕಡೆಗೆ ತಿರುಗಿಸಿದರು. ಉದ್ದನೆಯ ಪಟ್ಟಿ. ಒಂದೊಂದನ್ನೂ ಓದಿ, ಗೊತ್ತಾದಷ್ಟು ಕನ್ನಡದಲ್ಲಿ ಹೇಳಿದರು. ಅಣುಬಾಂಬಿನದು. ಪೆಟ್ರೋಲಿನದು. ಚೈನಾದು. ಸಮುದ್ರದ ಸೆಕ್ಯೂರಿಟಿಯದು.

"ಸಮುದ್ರಕ್ಕೂ ಸೆಕ್ಯೂರಿಟಿ ಐತಾ?"

"ಇರ್ಬೇಕಲ್ಲಕ್ಕ, ಅಷ್ಟು ನೀರೈತೆ. ಯಾವುದು ಬೇಕು ಹೇಳಿ, ಒತ್ತೀನಿ."

ನಾನು ಹೇಳಿದೆ, "ಚೈನಾ ಬ್ಯಾಡ. ಸಮುದ್ರ ಒತ್ತಿ."

ಅವರು ಒತ್ತಿದರು. ಓಟಿಪಿ ಬಂತು. ಓದಿ ಹೇಳಿದೆ. ಮುಗಿಯಿತು. ಪರದೆಯ ಮೇಲೆ ಹಸಿರು ಬಣ್ಣದಲ್ಲಿ ಒಂದು ಟಿಕ್ ಗುರುತು ಬಂತು. ನಾನು ದೊಡ್ಡಮಳೂರಿನ ದೇವರಿಗೆ ಕೈ ಮುಗಿದು ಬರುವವಳ ಹಾಗೆ ಸಮಾಧಾನದಿಂದ ಹೊರಗೆ ಬಂದೆ. ಚೈನಾಗೆ ಸರಿಯಾಗಿ ಮಾಡಿದೆ ಅಂದುಕೊಂಡೆ.

ಮರುದಿನ ತಂಗಿ ಬಂದು ನೋಡಿದಳು. ಗೋಡೆಯ ಮೇಲಿದ್ದ ಮೊದಲ ಹಾಳೆಯನ್ನೂ ಫೋನನ್ನೂ ಹತ್ತು ಸಲ ನೋಡಿದಳು.

"ಅಕ್ಕ, ಇಲ್ಲಿ ಸಮುದ್ರ ಅಂತ ಐತೆ."

"ಹೌದಾ? ಸರ್ವರ್ರೇನೋ ಕಣೇ."

ಸರ್ವರ್ ಎಂದರೆ ಏನು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ರೇಷನ್ ಅಂಗಡಿಯಲ್ಲಿ ಎಲ್ಲದಕ್ಕೂ ಅದನ್ನೇ ಹೇಳುತ್ತಾರೆ, ನಾವು ಒಪ್ಪಿಕೊಂಡು ಬರುತ್ತೇವೆ. ಅವಳು ಒಪ್ಪಲಿಲ್ಲ. ವಿಶ್ವವಿದ್ಯಾಲಯಕ್ಕೆ ಮೇಲ್ ಮಾಡಿದಳು. ನಮ್ಮ ಕಡೆಯಿಂದ ಏನೂ ದೋಷವಿಲ್ಲ, ನೀವು ಆರಿಸಿದ್ದೇ ದಾಖಲಾಗಿದೆ, ಬದಲಾವಣೆ ಬೇಕಿದ್ದರೆ ಮೂರು ದಿನದೊಳಗೆ ಕಾರಣ ಬರೆದುಕೊಡಿ ಎಂದು ಉತ್ತರ ಬಂತು. ದೋಷ ಅಲ್ಲಿಲ್ಲ ಅಂದರೆ ಅಂಗಡಿಯಲ್ಲಿ ಇರಬೇಕು ಎಂದು ಅವಳು ನನ್ನನ್ನು ಕರೆದುಕೊಂಡು ಜೆರಾಕ್ಸ್ ಅಂಗಡಿಗೆ ನಡೆದಳು.

"ನಮ್ಮಕ್ಕ ಚೈನಾ ಅಂದ್ರೆ ನೀವು ಸಮುದ್ರ ಒತ್ತಿದೀರಲ್ಲ, ಎರಡು ವರ್ಷದ ಓದು ಕಣ್ರೀ ಅದು! ಕಣ್ಣು ಕಾಣ್ಸಲ್ವಾ?"

ಅಂಗಡಿಯಾಕೆ ನನ್ನ ಕಡೆ ನೋಡಿದರು. ನಾನು ಲ್ಯಾಮಿನೇಷನ್ ಮಿಷನ್ ಕಡೆ ನೋಡಿದೆ. ಅವರು ಇನ್ನೊಮ್ಮೆ ನೋಡಿದರು. ಮಿಷನ್ನಿನಿಂದ ಯಾರದೋ ಆಧಾರ್ ಕಾರ್ಡು ಬಿಸಿಬಿಸಿಯಾಗಿ ಹೊರಗೆ ಬರುತ್ತಿತ್ತು. ಅಷ್ಟು ಶ್ರದ್ಧೆಯಿಂದ ಆಧಾರ್ ಕಾರ್ಡನ್ನು ಯಾರೂ ನೋಡಿರಲಾರರು. "ಆಯ್ತಮ್ಮ, ಕೇಳಿಸ್ಕಳ್ದೆ ಒತ್ತಿದ್ನೇನೋ" ಎಂದು ಅವರೇ ಹೇಳಿದರು. ಪೇಪರ್ ಬದಲಿಸಿದ್ದು ಸಿಟ್ಟಿನ ಕೆಲಸ, ಹೋಗಲಿ. ಆದರೆ ಅಲ್ಲಿ ಸುಮ್ಮನೆ ನಿಂತದ್ದಕ್ಕೆ ನನ್ನ ಹತ್ತಿರ ಯಾವ ಹೆಸರೂ ಇಲ್ಲ.

ಮಾರನೇ ದಿನ ಕಾರ್ಖಾನೆಯಲ್ಲಿ ಚಾಚಾಗೆ ಹೇಳಿದೆ. ಮೆಚ್ಚುತ್ತಾರೆ ಅಂದುಕೊಂಡಿದ್ದೆ. ಅವರಿಗಾಗಿಯೇ ಮಾಡಿದ ಹಾಗೆ ನನ್ನ ಮನಸ್ಸಿನಲ್ಲಿತ್ತು. ಚಾಚಾ ಲೇತ್ ನಿಲ್ಲಿಸಿದರು.

"ಅರೆ, ಏನು ಮಾಡ್ಬುಟ್ಟೆ ಬೇಟಿ! ನಾನು ಮುವ್ವತ್ತು ವರ್ಷದಿಂದ ಕೇಳ್ತಾ ಇದೀನಿ, ಅವ್ರು ಹೆಂಗೆ ಅಷ್ಟು ಅಗ್ಗಕ್ಕೆ ಕೊಡ್ತಾರೆ ಅಂತ. ಒಬ್ರೂ ಹೇಳಿಲ್ಲ. ನಮ್ಮ ಕಡೆ ಹುಡುಗಿ ಒಬ್ಳು ಹೋಗಿ ತಿಳ್ಕತೀನಿ ಅಂದ್ರೆ, ನೀನು ಅವಳನ್ನ ನೀರಿಗೆ ತಳ್ಳಿದೀಯಲ್ಲ!"

ಆಮೇಲೆ ಅವರೇ ನಕ್ಕರು. ಲೇತಿನ ಹುಡಿ ಮೂಗಿಗೆ ಹೋಗಿ ಕೆಮ್ಮು ಬರುವವರೆಗೂ ನಕ್ಕರು. ನನಗೆ ನಗು ಬರಲಿಲ್ಲ. ಕೊಟ್ಟಿದ್ದ ಮೂರು ದಿನದಲ್ಲಿ ಅದು ಎರಡನೆಯದು.

ಮಧ್ಯಾಹ್ನವೇ ಮನೆಗೆ ಬಂದೆ. ತಂಗಿ ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದಳು. ಸೀರೆಯ ಇನ್ನೊಂದು ತುದಿ ಹಿಡಿದುಕೊಂಡು, ಇಬ್ಬರೂ ಹಿಂಡುತ್ತಿರುವಾಗಲೇ ಹೇಳಿದೆ. ಅವಳು ತನ್ನ ತುದಿ ಬಿಟ್ಟಳು. ನೀರೆಲ್ಲ ನನ್ನ ಕಾಲ ಮೇಲೆ ಸುರಿಯಿತು.

"ಯಾಕಕ್ಕ?"

"ಚೈನಾ ಮ್ಯಾಲೆ ಸಿಟ್ಟು ಕಣೇ."

"ಚೈನಾಗೆ ಏನಾಯ್ತೀಗ?"

"ಏನೂ ಆಗ್ನಿಲ್ಲ."

"ನಂಗೆ ಆಯ್ತು."

ಅವಳು ಒಳಗೆ ಹೋಗಿ ಬಿಳಿ ಹಾಳೆ ತಂದು ನನ್ನ ಮುಂದೆ ಇಟ್ಟಳು. ಕಾರಣ ಬರಿ ಎಂದಳು. ಶಾಲೆ ಬಿಟ್ಟ ಮೇಲೆ ನಾನು ಬರೆದ ಮೊದಲ ಪತ್ರ ಅದು. ‘ಮಾನ್ಯರೇ, ನನ್ನ ತಂಗಿ ಚೈನಾ ಎಂದಳು. ನಾನು ಸಮುದ್ರ ಒತ್ತಿಸಿದೆ. ಸರ್ವರಿನ ತಪ್ಪಿಲ್ಲ. ಅಂಗಡಿಯಾಕೆಯ ತಪ್ಪಿಲ್ಲ. ನಾವು ಬೊಂಬೆ ಮಾಡುವವರು, ನಮಗೂ ಚೈನಾಗೂ ಆಗುವುದಿಲ್ಲ. ಆದರೆ ಅವಳಿಗೆ ಚೈನಾ ಬೇಕು. ದಯಮಾಡಿ ಕೊಡಿ.’ ಅದನ್ನು ಜೆರಾಕ್ಸ್ ಮಾಡಿಸಲು ಅದೇ ಅಂಗಡಿಗೆ ಹೋಗಬೇಕಾಯಿತು. ಆಕೆ ಪತ್ರವನ್ನು ಪೂರ್ತಿ ಓದಿದರು. "ಅಂಗಡಿಯಾಕೆ ಅನ್ನೋ ಸಾಲಿನ ಕೆಳಗೆ ಒಂದು ಗೆರೆ ಎಳೀರಿ" ಎಂದರು. ಎಳೆದೆ. ಕ್ಷಮೆ ಕೇಳಿದೆ. ತಂಗಿಯೂ ಕೇಳಿದಳು.

ಮರುದಿನ ಬೆಂಗಳೂರಿನ ಆ ಕಚೇರಿಯಲ್ಲಿ ಕನ್ನಡಕದ ಗುಮಾಸ್ತರು ನನ್ನ ಪತ್ರವನ್ನು ಎರಡು ಸಲ ಓದಿದರು.

"ಕಂಪ್ಯೂಟರಲ್ಲಿ ಕಾರಣಕ್ಕೆ ಮೂರೇ ಇದೆಯಮ್ಮ. ಅನಾರೋಗ್ಯ, ಸಾವು, ತಾಂತ್ರಿಕ. ಇದನ್ನ ಯಾವುದಕ್ಕೆ ಹಾಕ್ಲಿ?"

"ಅಕ್ಕ ಅಂತ ಹಾಕಿ ಸರ್" ಎಂದಳು ತಂಗಿ.

ಅವರು ಪತ್ರ ಹಿಡಿದುಕೊಂಡು ಚೈನಾ ಪಾಠದ ಮೇಡಂ ಹತ್ತಿರ ಹೋದರು. ಒಳಗಿನಿಂದ ಜೋರಾಗಿ ನಗುವ ಸದ್ದು ಕೇಳಿತು. ಹೊರಗೆ ಬಂದು ತೀರ್ಮಾನ ಹೇಳಿದರು. ಮೇಡಂ ಒಪ್ಪಿದ್ದಾರೆ, ಚೈನಾ ಸಿಗುತ್ತದೆ. ಆದರೆ ಸಮುದ್ರ ಆರಿಸಿದವರ ಪಟ್ಟಿ ಮೇಲಿನವರಿಗೆ ಹೋಗಿಬಿಟ್ಟಿದೆ, ಅದರಿಂದ ಹೆಸರು ತೆಗೆಯಲು ಆಗುವುದಿಲ್ಲ. ಎರಡನ್ನೂ ಓದಬೇಕು. ಎಲ್ಲರಿಗೂ ನಾಲ್ಕು ಪೇಪರ್, ನನ್ನ ತಂಗಿಗೆ ಐದು.

ವಾಪಸ್ಸು ಬರುವ ರೈಲು ಬಿಡದಿ ದಾಟಿತು. ಅವಳು ಕಿಟಕಿಯ ಕಡೆ ನೋಡುತ್ತಲೇ ಕೇಳಿದಳು.

"ನಿಜ ಹೇಳು. ಬರೀ ಸಿಟ್ಟಿಗೇ ಒತ್ತಿಸ್ದಾ?"

"ಅರ್ಧ."

"ಇನ್ನರ್ಧ?"

"ಅಷ್ಟುದ್ದ ಪಟ್ಟಿ ಇತ್ತು ಕಣೇ. ಯಾವುದು ಬೇಕು ಅಂತ ಆಯಮ್ಮ ನನ್ನ ಕೇಳಿದ್ರು. ಓದೋ ವಿಷ್ಯದಲ್ಲಿ ನನ್ನ ಯಾರೂ ಹಂಗೆ ಕೇಳಿರ್ಲಿಲ್ಲ."

ಅವಳು ನನ್ನ ಕಡೆ ತಿರುಗಿದಳು.

"ಹಂಗಂತ ನನ್ನ ಪೇಪರಿಗೆ ಕೈ ಹಾಕದಾ?"

"ತಪ್ಪಾಯ್ತು."

"ಸಮುದ್ರನ ನಾನೊಬ್ಳೇ ಓದಲ್ಲ. ಕ್ಲಾಸಿಂದ ಬಂದು ನಿಂಗೂ ಹೇಳ್ತೀನಿ. ನೀನೂ ಓದ್ಬೇಕು."

ಅವಳು ತಮಾಷೆಗೆ ಹೇಳಿದ್ದಲ್ಲ. ಈಗ ಪ್ರತಿ ಭಾನುವಾರ ಅವಳು ಕನ್ನಡದಲ್ಲಿ ಬರೆದುಕೊಟ್ಟ ನೋಟ್ಸ್ ಹಿಡಿದು ನಾನು ಜಗಲಿಯ ಮೇಲೆ ಕೂರಬೇಕು. ಅವಳು ಬದನೆಕಾಯಿ ಹೆಚ್ಚುತ್ತಾ ಪ್ರಶ್ನೆ ಕೇಳುತ್ತಾಳೆ. ಮೊನ್ನೆ, ಹಡಗುಗಳು ಇಕ್ಕಟ್ಟಿನಲ್ಲಿ ನುಸುಳಿ ಹೋಗುವ ಜಲಸಂಧಿಗಳು ಯಾವುವು, ಮೂರು ಹೇಳು ಎಂದಳು. ನಾನು ಎರಡು ಹೇಳಿದೆ. ಮೂರನೆಯದು ನಾಲಗೆಯ ತುದಿಯಲ್ಲೇ ಇತ್ತು, ಬರಲಿಲ್ಲ.

"ಇಷ್ಟೂ ಗೊತ್ತಿಲ್ದೋಳು ಯಾಕೆ ಒತ್ತಿಸ್ದೆ?" ಎಂದು ಅವಳು ಕತ್ತಿ ತೋರಿಸಿ ಬೈದಳು.

ನಾನು ಪುಟ ತಿರುವಿ, ಮೂರನೆಯದನ್ನು ಹುಡುಕತೊಡಗಿದೆ.