ಟ್ರೇಲರಿನ ಮೂಗಿಗೆ ಹಾಕಿದ ಕೀಲಿ

ಪಕ್ಕದ ಮನೆಯ ದೋಸ್ತ ಈಗ ನನಗೆ 'ರೀ' ಹಚ್ಚಿ ಮಾತಾಡುತ್ತಾನೆ. "ಊಟಾ ಆತೇನ್ರಿ?" "ಆರಾಮ ಅದೀರೇನ್ರಿ?" ಬೇರೆ ಯಾರಾದರೂ ಆಗಿದ್ದರೆ, ಮುದುಕರಾದ ಮೇಲಾದರೂ ಮರ್ಯಾದೆ ಸಿಕ್ಕಿತಲ್ಲ ಎಂದು ಮೀಸೆ ತಿರುವುತ್ತಿದ್ದರು. ನನಗೆ ಮಾತ್ರ ಕಪಾಳಕ್ಕೆ ಬಿಗಿದ ಹಾಗಾಗುತ್ತದೆ. ಚಡ್ಡಿ ಹಾಕುವುದಕ್ಕೂ ಮೊದಲಿನಿಂದ ನಾವಿಬ್ಬರೂ 'ಲೇ' ಎಂದುಕೊಂಡೇ ಬೆಳೆದವರು. ನನ್ನ ಮಗನ ಮದುವೆಯಲ್ಲಿ, ಹೊಸ ಬೀಗರ ಎದುರಿಗೇ, "ಏ ಹುಚಪ್ಯಾಲಿ, ಬಾ ಇಲ್ಲೆ" ಎಂದು ಕೂಗಿದವನು ಅವನು. ಬೀಗರು ಗಾಬರಿಯಾದರು. ನಾನು ಎದೆಯುಬ್ಬಿಸಿಕೊಂಡು ಹೋದೆ. ಆ 'ಲೇ' ಒಂದು ವಾಪಸ್ ಸಿಕ್ಕರೆ ನನಗೆ ಬೇರೇನೂ ಬೇಡ. ಅದು ಹೋದದ್ದು ಒಂದು ಪಿನ್ನಿನ ದೆಸೆಯಿಂದ.

ಟ್ರ್ಯಾಕ್ಟರಿಗೆ ಟ್ರೇಲರ್ ಜೋಡಿಸುತ್ತಾರಲ್ಲ, ಆ ಕಬ್ಬಿಣದ ಪಿನ್ನು. ಗೇಣುದ್ದ ಇರುತ್ತದೆ, ಹೆಬ್ಬೆರಳಿಗಿಂತ ದಪ್ಪ. ಚಿಕ್ಕನರಗುಂದದ ನಮ್ಮ ಓಣಿಯಲ್ಲಿ ಅದಕ್ಕೆ ಮಾಲೀಕ ಎಂಬುವನೇ ಇರಲಿಲ್ಲ. ನಿಂತಿರುವ ಟ್ರೇಲರಿನ ಪಿನ್ನನ್ನು ಹೊಲಕ್ಕೆ ಹೊರಟವನು ಕಿತ್ತುಕೊಂಡು ಹೋಗುತ್ತಿದ್ದ. ಕೇಳುವುದಿಲ್ಲ, ಹೇಳುವುದಿಲ್ಲ. ಸಂಜೆ ತಂದು ತೂತಿನಲ್ಲಿ ಬಿಟ್ಟರೆ ಮುಗಿಯಿತು. ನಾನು ಬಿಡುವಾಗ ತಲೆಯ ತನಕ ಗ್ರೀಸು ಬಳಿದು ಬಿಡುತ್ತಿದ್ದೆ. ಬೆಳಿಗ್ಗೆ ಕೈ ಹಾಕಿದವನು ನನ್ನ ವಂಶವನ್ನೆಲ್ಲ ನೆನೆಯುವುದನ್ನು ಹಲ್ಲುಜ್ಜುತ್ತ ಕೇಳುತ್ತಿದ್ದೆ. ಈ ಊರಲ್ಲಿ ನನ್ನಷ್ಟು ಬೈಸಿಕೊಂಡವನಿಲ್ಲ. ಬೈಸಿಕೊಂಡು ನನ್ನಷ್ಟು ಸುಖಪಟ್ಟವನಂತೂ ಇಲ್ಲವೇ ಇಲ್ಲ.

ಆಮೇಲೆ ಖರೇ ಕಳ್ಳರು ಬಂದರು. ಗುಜರಿಗೆ ಹಾಕುವವರು. ನರಗುಂದದ ಮಾರ್ಕೆಟ್ಟಿನಲ್ಲಿ ಕಡಲೆ ಇಳಿಸಿ, ಚಹಾ ಕುಡಿದು ಬಂದು ಟ್ರ್ಯಾಕ್ಟರ್ ಚಾಲೂ ಮಾಡಿದೆ. ಭಾಳ ಹಗುರ ಓಡುತ್ತಿದೆಯಲ್ಲ ಎಂದುಕೊಳ್ಳುವಷ್ಟರಲ್ಲಿ ಹಿಂದಿನಿಂದ ಹಮಾಲನೊಬ್ಬ ಕೂಗಿದ.

"ಯಜಮಾನ್ರ, ಟ್ರೇಲರ್ ನಮಗ ಬಿಟ್ಟ ಹೊಂಟ್ರೇನು?"

ಇಡೀ ಮಾರ್ಕೆಟ್ಟು ನಕ್ಕಿತು. ಊರನ್ನೇ ಆಡಿಕೊಂಡು ನಗುವ ನನ್ನನ್ನು ನೋಡಿ! ಅವತ್ತೇ ತೀರ್ಮಾನಿಸಿದೆ, ಯಮನೂ ಕೀಳಲಾಗದಂಥ ಪಿನ್ನು ಹಾಕುತ್ತೇನೆ ಎಂದು.

ಹಾಕಿದೆ ಕೂಡ. ನನ್ನ ಕೈಕೆಲಸವನ್ನು ನಾನೇ ಹೊಗಳದಿದ್ದರೆ ಯಾರು ಹೊಗಳುತ್ತಾರೆ? ಪಿನ್ನಿನ ತಲೆಗೆ ಸರಪಳಿ ವೆಲ್ಡಿಂಗ್ ಮಾಡಿಸಿ ಟ್ರೇಲರಿಗೆ ಬಿಗಿಸಿದೆ. ಕೆಳಗಿನ ತೂತಿಗೆ ಎಲ್ಲರೂ ಹಾಕುವ ತಂತಿಯ ಕ್ಲಿಪ್ಪಿನ ಬದಲು ಹಿತ್ತಾಳೆಯ ಬೀಗ ಜಡಿದೆ. ಬೀಗಕ್ಕೆ ಕೆಸರು ಸಿಡಿಯದಿರಲೆಂದು ಸೈಕಲ್ ಟ್ಯೂಬಿನ ಅಂಗಿ ತೊಡಿಸಿದೆ. ಸರಪಳಿಯ ಕೊಂಡಿಯ ಬೋಲ್ಟು ಸಡಿಲಾಗದಂತೆ ಜೋಡಿ ನಟ್ಟು ಹಾಕಿ, ಒಳಗಿನ ಹಲ್ಲಿಗೆ ಎಣ್ಣೆಯಲ್ಲಿ ನೆನೆಸಿದ ನೂಲು ಸುತ್ತಿದೆ. ಆ ನೂಲು ಗಜೇಂದ್ರಗಡದ ನನ್ನ ಹೆಂಡತಿಯ ತಮ್ಮನ ಮಗ್ಗದ್ದು. ಅವರು ಸೀರೆ ನೇಯುವವರು. ಕೊನೆಗೆ ಬೋಲ್ಟಿನ ತುದಿಗೆ ಸುತ್ತಿಗೆಯಿಂದ ಹೊಡೆದು ಚಪ್ಪಟೆ ಮಾಡಿದೆ. ಬೀಗದ ಕೈಯನ್ನು ಎಲ್ಲಿಟ್ಟೆ? ಅದೇ ಟ್ರೇಲರಿನ ಹಿಂದಿನ ಹಲಗೆಯ ಸಂದಿಯಲ್ಲಿ! ಕಳ್ಳ ಊರೆಲ್ಲ ಹುಡುಕುತ್ತಾನೆ, ಅಲ್ಲಿ ನೋಡುವುದಿಲ್ಲ. ಇಂಥ ಬುದ್ಧಿ ಎಲ್ಲರಿಗೂ ಬರುವುದಿಲ್ಲ.

ದೋಸ್ತ ಬಂದು ಸೊಂಟದ ಮೇಲೆ ಕೈಯಿಟ್ಟು ನೋಡಿದ.

"ಲೇ, ತಾಳಿ ಕಟ್ಟುವಾಗ ಒಂದ ಗಂಟ ನೆಟ್ಟಗ ಹಾಕ್ಲಿಲ್ಲ ನೀ. ಟ್ರೇಲರಿಗೆ ಇಷ್ಟ್ಯಾಕಲೇ?"

"ನಿನ್ನಂಗ ಬೇವಿನ ಕಡ್ಡಿ ಸಿಗಸ್ಕೊಂಡ ಅಡ್ಡಾಡ್ಲೇನು?" ಅವನ ಪಿನ್ನಿಗೆ ಕ್ಲಿಪ್ಪೇ ಇರಲಿಲ್ಲ, ಬೇವಿನ ಕಡ್ಡಿ ತೂರಿಸುತ್ತಿದ್ದ. "ತಾಕತ್ತಿದ್ರ ಬಿಚ್ಚಿ ತೋರ್ಸು. ಮೀಸಿ ಬೋಳಸ್ತೀನಿ."

"ಪಿನ್ನ ಬಿಡು, ನಾಳಿ ನಿನ್ನ ಕೀಲೀನ ಕಳುವಾಗಿರ್ತೈತಿ. ಕೀಲಿ ಎಲ್ಲೈತಿ, ಕೀಲಿ ಎಲ್ಲೈತಿ ಅಂತ ಅಳಕೋಂತ ಬರ್ತಿ ನೋಡು."

ಮರುದಿನ ನಾನೂ ಹೆಂಡತಿಯೂ ಗಜೇಂದ್ರಗಡಕ್ಕೆ ಹೋದೆವು. ಅವಳ ತಮ್ಮನ ಮನೆಯಲ್ಲಿ ಎರಡು ಮಗ್ಗ ಒಟ್ಟಿಗೇ ನಡೆಯುತ್ತಿದ್ದವು. ಲಟಕ್ ಪಟಕ್ ಸದ್ದಿನಲ್ಲಿ ನಮ್ಮ ಮಾತು ನಮಗೇ ಕೇಳುತ್ತಿರಲಿಲ್ಲ. ಆಗ ದೋಸ್ತನ ಫೋನು ಬಂತು.

"ಲೇ, ಕೀಲಿ ಎಲ್ಲೈತಿ?"

ಬಂದನಪ್ಪ ನಿನ್ನೆಯ ಚೇಷ್ಟೆಗೆ, ಎಂದುಕೊಂಡೆ. "ಎಲ್ಲಿರ್ತೈತಿ? ಟ್ರೇಲರಿನ ಮೂಗಿನ್ಯಾಗ ನತ್ತಿನಂಗ ಜೋತಾಡಾಕತ್ತೈತಿ, ಹೋಗಿ ನೋಡು!"

ಅವನು ಇನ್ನೇನೋ ಅಂದ. ಮಗ್ಗದ ಸದ್ದಿನಲ್ಲಿ "ಲಗೂ ಹೇಳೋ" ಎಂಬುದಷ್ಟೇ ಕೇಳಿಸಿತು.

"ಹಾಲ ಕುಡಿಸು, ತಾನಾ ಬಿಚ್ಚತೈತಿ!" ಎಂದು ನಕ್ಕೆ. ಅವನು ಫೋನು ಇಟ್ಟ. ಗೆದ್ದೆ ಎಂದುಕೊಂಡು ಒಂದು ಕಪ್ ಚಹಾ ಹೆಚ್ಚಿಗೆ ಕುಡಿದೆ.

ನಮ್ಮ ಕಡೆ ಬೀಗಕ್ಕೂ ಕೀಲಿ, ಬೀಗದ ಕೈಗೂ ಕೀಲಿ. ಅವನು ಕೇಳಿದ್ದು ಕೈ. ನಾನು ಹೇಳಿದ್ದು ಬೀಗ.

ಊರಿಗೆ ಬಂದ ಮೇಲೆ ಸಂಗತಿ ತಿಳಿಯಿತು. ಮೇಲಿನ ಅಣೆಕಟ್ಟಿನಿಂದ ಮಲಪ್ರಭೆಗೆ ನೀರು ಬಿಟ್ಟಿದ್ದರು. ಕೊಣ್ಣೂರಿನ ಹೊಳೆದಂಡೆಯಲ್ಲಿ ಅವನ ತಗ್ಗಿನ ಹೊಲ, ಅದರಲ್ಲಿ ಕಿತ್ತು ಗುಂಪು ಹಾಕಿದ ಹೆಸರಿನ ಬೆಳೆ. ಏರಿಸಿಕೊಂಡು ಬರಲು ಟ್ರೇಲರ್ ಹೂಡಲು ಹೋದರೆ ಅವನ ಪಿನ್ನಿಲ್ಲ. ಬೇವಿನ ಕಡ್ಡಿ ಮುರಿದು ಹಿಂದಿನ ದಿನ ಎಲ್ಲೋ ದಾರಿಯಲ್ಲಿ ಬಿದ್ದುಹೋಗಿತ್ತು. ಉಳಿದವರ ಟ್ರೇಲರೆಲ್ಲ ಹೊಲಕ್ಕೆ ಹೋಗಿದ್ದವು. ಓಣಿಯಲ್ಲಿ ನಿಂತಿದ್ದದ್ದು ನನ್ನದೊಂದೇ, ಬೀಗ ತೆಗೆದಿದ್ದರೆ ಅದನ್ನೇ ಹೂಡಿಕೊಂಡು ಹೋಗುತ್ತಿದ್ದ. ಅದರ ಪಕ್ಕದಲ್ಲಿ ನಿಂತೇ ನನಗೆ ಫೋನು ಮಾಡಿದ್ದ. ಕೈ ಚಾಚಿದರೆ ಹಲಗೆ, ಹಲಗೆಯ ಸಂದಿಯಲ್ಲಿ ಬೀಗದ ಕೈ.

ಕೊನೆಗೆ ಪಿನ್ನಿನ ಜಾಗಕ್ಕೆ ಹಾರೆಕೋಲು ತೂರಿಸಿ ಹೊರಟಿದ್ದಾನೆ. ಕಾಲುವೆಯ ಏರಿಯಲ್ಲಿ ಹಾರೆ ಜಿಗಿದು, ಟ್ರೇಲರ್ ಕಳಚಿ, ಅದರ ಮೂತಿ ನೆಲಕ್ಕೆ ನಾಟಿದೆ. ಅದೃಷ್ಟಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಇನ್ನೊಬ್ಬರ ಟ್ರೇಲರ್ ಸಿಗುವಷ್ಟರಲ್ಲಿ ಹೆಸರಿನ ಗುಂಪು ಹೊಳೆಯ ಪಾಲಾಗಿತ್ತು.

ಅವನ ಮನೆಗೆ ಓಡಿದೆ. ಕಟ್ಟೆಯ ಮೇಲೆ ಕೂತು ಕಾಲಿನ ರಾಡಿ ಕೆರೆಯುತ್ತಿದ್ದ.

"ಲೇ, ದೇವರಾಣಿ, ನೀ ನಿನ್ನಿ ಚ್ಯಾಷ್ಟೀನ ಮಾಡಾಕತ್ತೀ ಅಂತ ತಿಳಕೊಂಡ್ನಿ. ಕೀಲಿ ಅಂದಿ, ನಾ ಬೀಗಾ ಅಂದ್ಕೊಂಡೆ."

ಅವನು ತಲೆಯೆತ್ತಿ ನನ್ನ ಮುಖವನ್ನು ಬಹಳ ಹೊತ್ತು ನೋಡಿದ. ಇದೂ ಒಂದು ಆಟವೇ ಎಂದು ಹುಡುಕುತ್ತಿದ್ದ ಎಂದು ತೋರುತ್ತದೆ.

"ಇರ್ಲಿ ಬಿಡ್ರಿ," ಎಂದ.

ಅದೇ ಮೊದಲನೆಯ 'ರಿ'.

ಊರಿಗೆಲ್ಲ ಹೇಳಿ ನೋಡಿದೆ. ಚಹಾದಂಗಡಿಯವನು, "ಅಜ್ಜಾರ, ನೀವು ಖರೇ ಹೇಳಿದ್ದ ಯಾವಾಗ?" ಎಂದು ನಕ್ಕ. ಹೌದಲ್ಲ! ಜೀವಮಾನವೆಲ್ಲ ಸುಳ್ಳನ್ನೇ ಖರೇ ಎಂದು ನಂಬಿಸಿದ ಗಟ್ಟಿಗ ನಾನು. ಬೇಕಾದಾಗ ಒಂದು ಖರೇ ಮಾತನ್ನು ನಂಬಿಸಲು ಆಗಲಿಲ್ಲ. ದೋಸ್ತನನ್ನು ಅಡ್ಡಗಟ್ಟಿ, "ಒಮ್ಮೆರ ಬೈಯಲೇ, ಹೊಡಿ ಬೇಕಾದ್ರ" ಎಂದೂ ಕೇಳಿದೆ. "ನಿಮಗ್ಯಾಕ ಬೈಯೂಣ್ರಿ?" ಎಂದು ಪಕ್ಕಕ್ಕೆ ಸರಿದು ಹೋದ. ಅವನು ಹೊಸ ಪಿನ್ನು ತಂದ, ಜೊತೆಗೊಂದು ಹೆಚ್ಚಿಗೆ. ನನ್ನದರ ಅವಶ್ಯಕತೆ ಅವನಿಗೆ ಬೀಳುವುದೇ ಇಲ್ಲ.

ಬೀಗ ತೆಗೆದೆ. ವೆಲ್ಡಿಂಗಿನವನನ್ನು ಕರೆಸಿ ಸರಪಳಿಯನ್ನೂ ಕತ್ತರಿಸಿ ಹಾಕಿಸಿದೆ. ಅಷ್ಟು ಚಂದದ ಕೆಲಸ ಹಾಳು ಮಾಡುವಾಗ ಅವನಿಗೇ ಹೊಟ್ಟೆ ಉರಿಯಿತು. ಈಗ ಪಿನ್ನು ತೂತಿನಲ್ಲಿ ಸುಮ್ಮನೆ ನಿಂತಿರುತ್ತದೆ, ಎಳೆದರೆ ಬರುತ್ತದೆ. ಟ್ರೇಲರನ್ನು ಅವನ ಬಾಗಿಲಿಗೆ ಎದುರಾಗಿಯೇ ನಿಲ್ಲಿಸುತ್ತೇನೆ. ಬೆಳಿಗ್ಗೆ ಎದ್ದವನೇ ಹೋಗಿ ನೋಡುತ್ತೇನೆ. ಒಯ್ದಿರುವುದಿಲ್ಲ.

ಮೊನ್ನೆ ತಾನಾಗಿಯೇ ನನ್ನ ಬಾಗಿಲಿಗೆ ಬಂದ. ಚಪ್ಪಲಿ ಹೊರಗೆ ಬಿಟ್ಟು, ಒಳಗೆ ಬಾರದೆ ಹೊಸ್ತಿಲಲ್ಲೇ ನಿಂತ.

"ಏನ್ರಿ, ನಿಮ್ಮ ಟ್ರೇಲರಿನ ಪಿನ್ನು ಸಡ್ಲ ಬಿಟ್ಟೀರಿ. ಕಳ್ಳರು ಭಾಳ ಆಗ್ಯಾರ. ಕೀಲಿ ಹಾಕ್ಕೋರಿ."

"ಹಾಕ್ತೀನಿ," ಎಂದೆ.

ಇನ್ನೂ ಹಾಕಿಲ್ಲ.